ಸಾರಮ್ಮ ಎಲ್ಲಿಗೆ ಹೋದರು? ಗಟ್ಟದ ಮೇಲೆ ನಮ್ಮ ಹೆಸರುಗಳ ಕತೆ

ಏಳನೇ ದಿನದ ಬೆಳಿಗ್ಗೆ. ಚನ್ನಗಿರಿಯಲ್ಲಿ ನೆಲೆಸಿದ ನಮ್ಮವರೊಬ್ಬರ ಮನೆ. ಮಗುವಿನ ತಲೆಕೂದಲು ತೆಗೆದಾಗಿದೆ, ಅಖೀಖದ ಆಡು ಕೊಯ್ದಾಗಿದೆ, ಮಸಾಲೆ ಪರಿಮಳ ಬೀದಿ ತನಕ ಹೋಗಿದೆ. ಒಂದೇ ಕೆಲಸ ಬಾಕಿ. ಹೆಣ್ಣು ಮಗುವಿಗೆ ಹೆಸರು.

ತಾಯಿಯ ಮೊಬೈಲಿನಲ್ಲಿ ಉದ್ದನೆಯ ಪಟ್ಟಿ ಇದೆ. ಇನಾಯಾ, ಝಾರಾ, ಐಝಾ, ಮಿನ್ಹಾ, ಹೈಫಾ. ಮೂಲೆಯಲ್ಲಿ ಕೂತ ಅಜ್ಜಿಗೆ ಅದು ಯಾವುದೂ ಬಾಯಿಗೆ ಹತ್ತುವುದಿಲ್ಲ.

"ನನ್ನ ಉಮ್ಮನ ಹೆಸರು ಇಡಿ ಅಂದ್ರೆ ನಿಮಗೆ ಎಂತ ನಾಚಿಕೆಯಾ?"

"ನಾಚಿಕೆ ಅಲ್ಲ ಉಮ್ಮ, ಸಾರಮ್ಮ ಅಂತ ಇಟ್ರೆ ಶಾಲೇಲಿ ಮಕ್ಕಳು ನಗಾಡೋದಿಲ್ವಾ? ಈಗ ಯಾರಿಗೆ ಇದೆ ಆ ಹೆಸರು?"

ಮಾತು ನಡೆದದ್ದು ಬ್ಯಾರಿ ಭಾಷೆಯಲ್ಲಿ, ಓದುಗರಿಗಾಗಿ ಕನ್ನಡಕ್ಕೆ ತಂದಿದ್ದೇವೆ. ಇದು ಒಂದು ಮನೆಯ ಜಗಳ ಅಲ್ಲ. ಮಗು ಹುಟ್ಟಿದ ನಮ್ಮ ಹೆಚ್ಚಿನ ಮನೆಗಳಲ್ಲಿ ಈ ಮಾತು ಒಂದಲ್ಲ ಒಂದು ರೂಪದಲ್ಲಿ ಬಂದೇ ಬರುತ್ತದೆ. ಅಜ್ಜ ಅಜ್ಜಿಯ ಕಾಲದಲ್ಲಿ ಊರಿಗೆಲ್ಲ ಇದ್ದ ಹೆಸರು ಮೊಮ್ಮಕ್ಕಳ ಕಾಲಕ್ಕೆ ಅಪರೂಪ ಆಗುತ್ತದೆ. ಆಗ ಯಾರೂ ಕೇಳದ ಹೆಸರು ಈಗ ಒಂದು ತರಗತಿಯಲ್ಲಿ ಮೂರು ಮಕ್ಕಳಿಗಿರುತ್ತದೆ. ಕರಾವಳಿಯಿಂದ ಗಟ್ಟ ಹತ್ತಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಕಡೆ ವ್ಯಾಪಾರಕ್ಕೆ ಬಂದ ನಮ್ಮವರ ಮನೆಗಳಲ್ಲಿ ಈ ಬದಲಾವಣೆ ಇನ್ನೂ ಸ್ವಲ್ಪ ಜೋರಾಗಿ ಕಾಣುತ್ತದೆ. ಅಲ್ಲಿ ಎರಡು ಬಗೆಯ ಹೆಸರುಗಳು ಒಂದೇ ಬೀದಿಯಲ್ಲಿ ಎದುರುಬದುರಾಗಿವೆ.

ಅಬ್ಬ, ಅಮ್ಮನ ಕಾಲ

ನಮ್ಮ ಹಿರಿಯರ ಹೆಸರುಗಳನ್ನು ಒಮ್ಮೆ ನೆನಪು ಮಾಡಿಕೊಳ್ಳೋಣ. ಗಂಡಸರು ಉಮ್ಮರಬ್ಬ, ಹಸನಬ್ಬ, ಹುಸೇನಬ್ಬ, ಮೂಸಬ್ಬ, ಮೊಯ್ದಿನಬ್ಬ, ಅದ್ದ್ರಾಮ. ಹೆಂಗಸರು ಐಸಮ್ಮ, ಸಾರಮ್ಮ, ಮರಿಯಮ್ಮ, ಅವ್ವಮ್ಮ, ನಫೀಸಮ್ಮ, ಆಮಿನಮ್ಮ, ಬೀಫಾತಿಮ್ಮ. ಮೂಲ ನೋಡಿದರೆ ಎಲ್ಲವೂ ಅರಬಿ ಹೆಸರುಗಳೇ. ಉಮರ್, ಹಸನ್, ಮೂಸಾ, ಆಯಿಶಾ, ಸಾರಾ, ಮರ್ಯಮ್, ಹವ್ವಾ. ಆದರೆ ಹಿರಿಯರು ಅದನ್ನು ಹಾಗೇ ಬಿಡಲಿಲ್ಲ. ಪಕ್ಕದ ಮನೆಯ ತುಳುವರಿಗೆ, ಕನ್ನಡಿಗರಿಗೆ ಅಪ್ಪ, ಅಣ್ಣ, ಅಮ್ಮ, ಅಕ್ಕ ಎಂದು ಮುಗಿಯುವ ಹೆಸರುಗಳು ಇದ್ದ ಹಾಗೆ ನಮ್ಮ ಹೆಸರುಗಳಿಗೆ ಅಬ್ಬ, ಅಮ್ಮ ಎಂಬ ಬಾಲ ಬಂತು. ಗೌರವ, ಪ್ರೀತಿ ಎರಡೂ ಅದರಲ್ಲಿ ಇತ್ತು. ಹೆಸರು ಕೇಳಿದ ಕೂಡಲೇ ಇವರು ಕರಾವಳಿಯ ಬ್ಯಾರಿಗಳು ಎಂದು ಗೊತ್ತಾಗುತ್ತಿತ್ತು.

ಉಳ್ಳಾಲದ ಶಾಸಕರಾಗಿದ್ದ ಕನ್ನಡ ಕವಿ ಬಿ.ಎಂ. ಇದಿನಬ್ಬ ಆ ಹೆಸರಿನಲ್ಲೇ ವಿಧಾನಸೌಧಕ್ಕೆ ಹೋದರು, ಆ ಹೆಸರಿನಲ್ಲೇ ಕನ್ನಡದ ಕೆಲಸ ಮಾಡಿದರು. ಕಿತ್ತಳೆ ಮಾರಿದ ದುಡ್ಡು ಕೂಡಿಟ್ಟು ಊರಿಗೆ ಶಾಲೆ ತಂದ ಹರೇಕಳ ಹಾಜಬ್ಬ 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ದೇಶ ಇಡೀ 'ಹಾಜಬ್ಬ' ಎಂಬ ಹೆಸರು ಕೇಳಿತು. ಆ ದಿನ ಹಳೆ ಹೆಸರಿನ ಬಗ್ಗೆ ನಮ್ಮಲ್ಲಿ ಯಾರಿಗೂ ನಾಚಿಕೆ ಇರಲಿಲ್ಲ. ಆದರೆ ಆ ವರ್ಷ ಹುಟ್ಟಿದ ನಮ್ಮ ಮಕ್ಕಳಲ್ಲಿ ಅಬ್ಬ ಎಂದು ಮುಗಿಯುವ ಹೆಸರು ಇದೆಯೇ ಎಂದು ನೀವೇ ಹುಡುಕಿ ನೋಡಿ.

ಆಗ ಹೆಸರುಗಳು ಕಡಿಮೆ ಇದ್ದವು, ಜನ ಜಾಸ್ತಿ. ಅಜ್ಜನ ಹೆಸರು ಮೊಮ್ಮಗನಿಗೆ, ಅಜ್ಜಿಯ ಹೆಸರು ಮೊಮ್ಮಗಳಿಗೆ. ಐದು ಜನ ಅಣ್ಣತಮ್ಮಂದಿರು ತಂದೆಯ ಹೆಸರನ್ನೇ ತಮ್ಮ ತಮ್ಮ ಹಿರಿಮಗನಿಗೆ ಇಟ್ಟರೆ ಒಂದೇ ಮನೆತನದಲ್ಲಿ ಐದು ಇಬ್ರಾಹಿಂ. ಹಾಗಾದರೆ ಗುರುತು ಹೇಗೆ? ದೊಡ್ಡವನು, ಕುಂಞಿ ಎಂದರೆ ಚಿಕ್ಕವನು, ಮೋನು ಎಂದರೆ ಮಗ. ಸಾಲದಿದ್ದರೆ ಊರಿನ ಹೆಸರು, ಮನೆಯ ಹೆಸರು, ಮಾಡುವ ಕಸುಬು. ಮೀನಿನ ಮೊಯ್ದಿನಬ್ಬ ಬೇರೆ, ಗೂಡಂಗಡಿಯ ಮೊಯ್ದಿನಬ್ಬ ಬೇರೆ. ಕಥೆಗಾರ ಬೊಳುವಾರು ಮಹಮದ್ ಕುಂಞಿ ಅವರ ಹೆಸರನ್ನೇ ನೋಡಿ. ಊರು ಇದೆ, ಪ್ರವಾದಿಯವರ ಹೆಸರು ಇದೆ, ಮನೆಯವರು ಮುದ್ದಿನಿಂದ ಕರೆಯುವ ಕುಂಞಿಯೂ ಇದೆ. ಹೆಸರು ಎಷ್ಟೇ ಸಾಮಾನ್ಯ ಆದರೂ ಮನುಷ್ಯ ಕಳೆದುಹೋಗುತ್ತಿರಲಿಲ್ಲ. ಸುತ್ತ ನಾಲ್ಕು ಜನಕ್ಕೆ ಅವನ ಗುರುತು ಇತ್ತು.

ಗಟ್ಟದ ಮೇಲಿನ ಸಾಬ್ರು

ಚಾಲಿ ಅಡಿಕೆಯ ಊರಿನಿಂದ ರಾಶಿ ಅಡಿಕೆಯ ಊರಿಗೆ ಬಂದವರಿಗೆ ಮೊದಲು ಎದುರಾದದ್ದೂ ಹೆಸರಿನ ತೊಡಕೇ. ಇಲ್ಲಿಯ ಮುಸ್ಲಿಮರು ಮನೆಯಲ್ಲಿ ದಖನಿ ಉರ್ದು ಆಡುತ್ತಾರೆ. ಅವರ ಹಿರಿಯರ ಹೆಸರುಗಳು ಇಮಾಂಸಾಬ್, ಬುಡನ್‌ಸಾಬ್, ದಸ್ತಗೀರ್, ಮಹಬೂಬ್‌ಸಾಬ್, ಗೌಸ್, ದಾದಾಪೀರ್. ಹೆಂಗಸರು ಇಮಾಂಬಿ, ಹುಸೇನ್ಬಿ, ಬೀಬಿಜಾನ್, ಚಾಂದ್‌ಬಿ. ನಮ್ಮ ಉಮ್ಮರಬ್ಬ ಇಲ್ಲಿ ಅಂಗಡಿ ಇಟ್ಟ ಎರಡನೇ ದಿನಕ್ಕೆ ಉಮರ್‌ಸಾಬ್ ಆದರು. ಮನೆಯಲ್ಲಿ ಐಸಮ್ಮ, ಬೀದಿಯಲ್ಲಿ ಆಯಿಷಾಬಿ.

"ಏನ್ ಸಾಬ್ರೆ, ನಿಮ್ ಹೆಸ್ರು ಒಂಥರಾ ಐತಲ್ಲ, ನೀವು ಕೇರಳದೋರಾ?" ಎಂದು ಹೊನ್ನಾಳಿಯ ಸಂತೆಯಲ್ಲಿ ಕೇಳಿಸಿಕೊಳ್ಳದ ಬ್ಯಾರಿ ಇಲ್ಲ.

ಆದರೆ ಸ್ವಲ್ಪ ಕೆದಕಿದರೆ ಎರಡು ಕಡೆಯ ಹೆಸರುಗಳ ಬೇರು ಒಂದೇ ಕಡೆ ಇದೆ. ಬಗ್ದಾದಿನ ಶೈಖ್ ಅಬ್ದುಲ್ ಖಾದಿರ್ ಜೀಲಾನಿ 1166ರಲ್ಲಿ ತೀರಿಕೊಂಡ ಮಹಾತ್ಮರು. ಅವರ ಬಿರುದು ಮುಹಿಯುದ್ದೀನ್. ಕಲ್ಲಿಕೋಟೆಯ ಖಾಝಿ ಮುಹಮ್ಮದ್ 1607ರಲ್ಲಿ ಅರಬಿ ಮಲಯಾಳದಲ್ಲಿ ಮುಹಿಯುದ್ದೀನ್ ಮಾಲೆ ಬರೆದ ಮೇಲೆ ಅದು ಮಲಬಾರಿನಿಂದ ನಮ್ಮ ಕರಾವಳಿಯ ಮನೆಗಳ ತನಕ ಹರಡಿತು. ನಮ್ಮ ಮೊಯ್ದೀನ್, ಮೊಯ್ದು, ಮಯ್ಯದ್ದಿ, ಖಾದರ್ ಎಲ್ಲರೂ ಆ ಹೆಸರಿನವರೇ. ಅದೇ ಶೈಖರನ್ನು ಗಟ್ಟದ ಮೇಲಿನವರು ಪಾರಸಿ, ಉರ್ದು ಬಿರುದುಗಳಿಂದ ಕರೆದರು. ಕೈಹಿಡಿಯುವವರು ಎಂಬ ಅರ್ಥದ ದಸ್ತಗೀರ್, ಮೊರೆ ಕೇಳುವವರು ಎಂಬ ಅರ್ಥದ ಗೌಸ್, ಮಹಬೂಬ್ ಸುಬಹಾನಿ. ಹಾಗಾಗಿ ಬಂಟ್ವಾಳದ ಮೊಯ್ದಿನಬ್ಬ ಮತ್ತು ಚನ್ನಗಿರಿಯ ದಸ್ತಗೀರ್‌ಸಾಬ್ ಒಬ್ಬರನ್ನೊಬ್ಬರು ಬೇರೆಯವರು ಅಂದುಕೊಂಡರೂ ಇಬ್ಬರ ಹೆಸರೂ ಒಬ್ಬರೇ ಮಹಾತ್ಮರದ್ದು.

ಇಲ್ಲಿನ ಹೆಸರುಗಳಿಗೆ ನೆಲದ ಗುರುತೂ ಇದೆ. ಬುಡನ್‌ಸಾಬ್, ದಾದಾಪೀರ್ ಎಂಬ ಹೆಸರುಗಳ ಹಿಂದೆ ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯ ದಾದಾ ಹಯಾತ್, ಬಾಬಾಬುಡನ್ ಅವರ ನೆನಪು. ಮೊಹರಮ್ಮಿಗೆ ಹರಕೆ ಹೊತ್ತು ಹುಟ್ಟಿದ ಮಗನಿಗೆ ಹುಸೇನಪ್ಪ, ಫಕೀರಪ್ಪ ಎಂದು ಹೆಸರಿಟ್ಟ ಹಿಂದೂ ಮನೆಗಳೂ ಬಯಲುಸೀಮೆಯ ಹಳ್ಳಿಗಳಲ್ಲಿ ಇದ್ದವು. ಹೆಸರು ಕೇಳಿ ಜಾತಿ ಹೇಳುವುದು ಆಗ ಅಷ್ಟು ಸುಲಭ ಇರಲಿಲ್ಲ.

ಜಗಳೂರಿಗೆ ಹೋದರೆ ಹಿರಿಯರ ಬಾಯಲ್ಲಿ ಇವತ್ತಿಗೂ ಒಂದು ಹೆಸರು ಬರುತ್ತದೆ. ಜೆ. ಮಹಮದ್ ಇಮಾಂ. 1957ರಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದಿಂದ, 1967ರಲ್ಲಿ ಸ್ವತಂತ್ರ ಪಕ್ಷದಿಂದ ಚಿತ್ರದುರ್ಗದ ಲೋಕಸಭಾ ಸದಸ್ಯರಾದವರು. ಆ ಸೀಮೆಯಲ್ಲಿ ಮನೆಮನೆಗೂ ಇದ್ದ ಸಾಮಾನ್ಯ ಹೆಸರು ಇಮಾಂ. ಆ ಸಾಮಾನ್ಯ ಹೆಸರನ್ನೇ ಹೊತ್ತವರು ದಿಲ್ಲಿ ತನಕ ಹೋಗಿ ಬಂದರು. ಹೆಸರು ಅಪರೂಪ ಆಗಿದ್ದರೆ ಮಾತ್ರ ಮನುಷ್ಯ ಎದ್ದು ಕಾಣುತ್ತಾನೆ ಎಂದು ನಂಬಿದ ಈಗಿನ ತಾಯ್ತಂದೆಯರು ಇದನ್ನು ಯೋಚಿಸಬೇಕು.

ರೇಡಿಯೋ, ಕ್ರಿಕೆಟ್, ಕೊಲ್ಲಿ ಯುದ್ಧ

ನಡುವಿನ ತಲೆಮಾರು ಬಂದಾಗ ಅಬ್ಬ, ಅಮ್ಮ, ಸಾಬ್, ಬಿ ಎಲ್ಲ ಒಂದೊಂದಾಗಿ ಕಳಚಿದವು. ಮಕ್ಕಳು ಶಾಲೆಗೆ ಹೋದರು, ಮದ್ರಸದಲ್ಲಿ ಉಸ್ತಾದರು ಹೆಸರಿನ ಸರಿಯಾದ ಉಚ್ಚಾರ ಹೇಳಿಕೊಟ್ಟರು, ಗಲ್ಫಿನಿಂದ ಬಂದವರು ಅರಬಿಗಳ ಹೆಸರು ತಂದರು. ಕರಾವಳಿಯಲ್ಲಿ ಅಶ್ರಫ್, ರಫೀಕ್, ಹನೀಫ್, ಬಶೀರ್, ಸಿದ್ದೀಕ್, ನಝೀರ್ ಹೆಚ್ಚಾದರು. ಹೆಣ್ಣು ಮಕ್ಕಳಲ್ಲಿ ರಮ್ಲತ್, ಮೈಮುನಾ, ಝೊಹರಾ, ಆಯಿಷತ್, ಖತೀಜತ್. ಕೊನೆಯ 'ತ್' ನಮ್ಮ ಕರಾವಳಿಯ ಗುರುತು. ಗಟ್ಟದ ಮೇಲೆ ಅದೇ ವಯಸ್ಸಿನವರು ಶಬಾನಾ, ರೇಷ್ಮಾ, ಪರ್ವೀನ್, ಕೌಸರ್.

ಹೊರಗಿನ ಲೋಕವೂ ಹೆಸರಿನ ಒಳಗೆ ಬಂತು. 1984-85ರಲ್ಲಿ ಹೈದರಾಬಾದಿನ ಮೊಹಮ್ಮದ್ ಅಜರುದ್ದೀನ್ ಆಡಿದ ಮೊದಲ ಮೂರು ಟೆಸ್ಟಿನಲ್ಲೂ ಶತಕ ಹೊಡೆದರು. ಆಮೇಲೆ ಹುಟ್ಟಿದ ಅಜರುದ್ದೀನರು ಎರಡು ಕಡೆಯೂ ಸಿಗುತ್ತಾರೆ. 1990-91ರ ಕೊಲ್ಲಿ ಯುದ್ಧದ ಹೊತ್ತಿಗೆ ಹುಟ್ಟಿದ ಗಂಡು ಮಕ್ಕಳಲ್ಲಿ ಸದ್ದಾಂ ಹುಸೇನ್ ಇದ್ದಾರೆ. ಈಗ ಅವರಿಗೆ ಮೂವತ್ತು ದಾಟಿದೆ. ನ್ಯಾಮತಿ ಕಡೆ ನಮಗೆ ಸಿಕ್ಕ ಒಬ್ಬರು ನಗುತ್ತ ಹೇಳಿದ್ದು ಹೀಗೆ: "ನಮ್ಮಪ್ಪ ಪೇಪರ್ ನೋಡಿ ಹೆಸ್ರು ಇಟ್ರು. ಅವ್ರಿಗೆ ಒಂದು ದಿನದ ಸುದ್ದಿ, ನಂಗೆ ಜೀವನಪೂರ್ತಿ. ಕೆಲ್ಸ ಕೇಳೋಕ್ ಹೋದ್ರೆ ಮೊದ್ಲು ನಗ್ತಾರೆ, ಆಮೇಲೆ ಕೂರಿಸ್ತಾರೆ." ತಮ್ಮ ಮಗನಿಗೆ ಅವರು ಇಟ್ಟ ಹೆಸರು ಅಯಾನ್.

ಅಪರೂಪ ಅಂದುಕೊಂಡದ್ದೇ ಸಾಮಾನ್ಯ

ಅಯಾನ್ ಎಂದರೆ ನಮಗೆ ನಗು ಬಂತು. ಆ ದಿನ ನಾವು ಹೋದ ಮನೆಗಳಲ್ಲೇ ಅದು ಮೂರನೆಯ ಅಯಾನ್. ಮೂರು ಮನೆಯವರೂ ಹೇಳಿದ್ದು ಒಂದೇ ಮಾತು: ಯಾರಿಗೂ ಇಲ್ಲದ ಹೆಸರು ಹುಡುಕಿ ಇಟ್ಟದ್ದು. ಎಲ್ಲರೂ ಹುಡುಕಿದ್ದು ಒಂದೇ ಕಡೆ, ಮೊಬೈಲಿನಲ್ಲಿ. ಹಾಗಾಗಿ ಸಿಕ್ಕಿದ್ದೂ ಒಂದೇ.

ಅಮೆರಿಕದಲ್ಲಿ ಸರ್ಕಾರವೇ ಮಕ್ಕಳ ಹೆಸರುಗಳ ವರ್ಷವಾರು ಪಟ್ಟಿ ಕೊಡುತ್ತದೆ, 1880ರಿಂದಿನ ಲೆಕ್ಕ ಅದರಲ್ಲಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2023ರಲ್ಲಿ ಹುಟ್ಟಿದ ಗಂಡು ಮಕ್ಕಳಿಗೆ ಅತಿ ಹೆಚ್ಚು ಇಟ್ಟ ಹೆಸರು ಮುಹಮ್ಮದ್. ಅಲ್ಲಿ ಅದು ದೊಡ್ಡ ಸುದ್ದಿ ಆಯಿತು. ನಮಗೆ ಅದರಲ್ಲಿ ಆಶ್ಚರ್ಯ ಇಲ್ಲ. ನಮ್ಮಲ್ಲಿ ಮುಹಮ್ಮದ್ ಎಂಬುದು ಹುಡುಗನ ಹೆಸರಿನ ಮೊದಲ ಮೆಟ್ಟಿಲು. ಮುಹಮ್ಮದ್ ಶಝಿನ್, ಮುಹಮ್ಮದ್ ರಯ್ಯಾನ್, ಮುಹಮ್ಮದ್ ಹಾಝಿಕ್. ಮೊದಲ ಹೆಸರು ಎಲ್ಲರದ್ದು, ಎರಡನೆಯದು ಅವನದ್ದು. ಹಾಜರಿ ಪುಸ್ತಕದಲ್ಲಿ ಎರಡನೆಯದನ್ನು ಬಿಟ್ಟು 'ಮಹಮದ್' ಎಂದಷ್ಟೇ ಕೂಗಿದರೆ ಅರ್ಧ ತರಗತಿ ಎದ್ದು ನಿಲ್ಲುತ್ತದೆ.

ಇನ್ನೊಂದು ಬದಲಾವಣೆ ಇದೆ. ಈಗಿನ ಹೆಸರು ಕೇಳಿದರೆ ಊರು ಗೊತ್ತಾಗುವುದಿಲ್ಲ. ಉಪ್ಪಿನಂಗಡಿಯ ಬ್ಯಾರಿ ಮಗುವೂ ಐಝಾ, ಜಗಳೂರಿನ ದಖನಿ ಮಗುವೂ ಐಝಾ. ಇದರಲ್ಲಿ ಒಳ್ಳೆಯದೂ ಇದೆ. ನಮ್ಮವರು, ಅವರು ಎಂಬ ಸಣ್ಣ ಗೋಡೆ ಮಕ್ಕಳ ಮಟ್ಟಿಗೆ ಬಿತ್ತು. ಆದರೆ ಹೆಸರಿನ ಜೊತೆ ಬರುತ್ತಿದ್ದ ಅಜ್ಜಿಯ ನೆನಪು, ಊರಿನ ನೆನಪು ಕೂಡ ಹೋಯಿತು.

ಅರ್ಥದ ತೊಡಕು ಬೇರೆ. ಪ್ರವಾದಿಯವರು ಕೆಟ್ಟ ಅರ್ಥದ ಹೆಸರುಗಳನ್ನು ಬದಲಿಸುತ್ತಿದ್ದರು ಎಂದು ಹದೀಸಿನಲ್ಲಿ ಬಂದಿದೆ. ಮಾತು ಕೇಳದವಳು ಎಂಬ ಅರ್ಥದ ಆಸಿಯಾ ಎಂಬ ಹೆಸರಿದ್ದ ಹೆಣ್ಣಿಗೆ ಜಮೀಲಾ ಎಂದು ಹೆಸರಿಟ್ಟರು. ಆದರೆ ಫಿರೌನನ ಪತ್ನಿ, ಈಮಾನಿನಲ್ಲಿ ಗಟ್ಟಿ ನಿಂತ ಆಸಿಯಾ ಬೀವಿಯವರ ಹೆಸರು ಬಹಳ ಒಳ್ಳೆಯ ಹೆಸರು. ಅರಬಿಯಲ್ಲಿ ಎರಡಕ್ಕೂ ಅಕ್ಷರ ಬೇರೆ, ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ಮೊಬೈಲು ಈ ವ್ಯತ್ಯಾಸ ಹೇಳಲಿಕ್ಕಿಲ್ಲ, ಪಳ್ಳಿಯ ಉಸ್ತಾದರು ಹೇಳುತ್ತಾರೆ. ಹೆಸರು ಗಟ್ಟಿ ಮಾಡುವ ಮೊದಲು ಒಂದು ಮಾತು ಅವರನ್ನು ಕೇಳಿದರೆ ನಷ್ಟ ಏನಿಲ್ಲ.

ಕಾಗದದಲ್ಲಿ ಇರುವವರು ಯಾರು?

ಇಷ್ಟು ಹೊತ್ತು ಹೇಳಿದ್ದು ನಗುವ ಮಾತು. ನಗಲಾಗದ ಮಾತೂ ಒಂದಿದೆ.

ಹೊನ್ನಾಳಿ ಸೀಮೆಯಲ್ಲಿ ನೆಲೆಸಿದ ನಮ್ಮ ಹಿರಿಯ ತಾಯಿಯೊಬ್ಬರು ಮನೆಯಲ್ಲಿ ಐಸಮ್ಮ. ರೇಷನ್ ಕಾರ್ಡಿನಲ್ಲಿ ಆಯಿಷಾಬಿ, ಏಕೆಂದರೆ ಬರೆದವರಿಗೆ ಮುಸ್ಲಿಂ ಹೆಂಗಸು ಎಂದರೆ 'ಬಿ' ಇರಲೇಬೇಕು. ಆಧಾರಿನಲ್ಲಿ ಆಯಿಶಾ, ಅದನ್ನು ಮಾಡಿಸಿದವನು ಓದಿದ ಮೊಮ್ಮಗ. ಬ್ಯಾಂಕಿನಲ್ಲಿ ಐಸಮ್ಮ ಕೋಂ ಗಂಡನ ಹೆಸರು. ನಾಲ್ಕೂ ಅವರೇ, ಆದರೆ ಕಂಪ್ಯೂಟರಿಗೆ ನಾಲ್ಕು ಜನ. ತಿಂಗಳಿಗೆ 2000 ರೂಪಾಯಿಯ ಗೃಹಲಕ್ಷ್ಮಿ ಹಣಕ್ಕೆ ಅವರು ಅಲೆದದ್ದು ಎಷ್ಟೋ ಸಲ.

"ನನ್ನ ಹೆಸರು ನಾನು ಒಂದು ಸಲವೂ ಬರೆದಿಲ್ಲ ಮಗಾ. ಬೇರೆಯವರು ಬರೆದದ್ದು. ತಪ್ಪು ಮಾತ್ರ ನನ್ನದು" ಎಂದರು. ಈ ಮಾತಿಗೆ ನಮ್ಮ ಬಳಿ ಉತ್ತರ ಇರಲಿಲ್ಲ.

ಈ ತಾಲ್ಲೂಕುಗಳಲ್ಲಿ ಊರಿನ ವಿಳಾಸವೂ ಬದಲಾಗಿದೆ ಎಂಬುದು ನೆನಪಿರಲಿ. ಚನ್ನಗಿರಿ, ಹೊನ್ನಾಳಿ ಮೊದಲು ಶಿವಮೊಗ್ಗ ಜಿಲ್ಲೆಯಲ್ಲಿ ಇದ್ದವು, ಜಗಳೂರು ಚಿತ್ರದುರ್ಗದಲ್ಲಿ. 1997ರಲ್ಲಿ ದಾವಣಗೆರೆ ಜಿಲ್ಲೆ ಆಯಿತು. ನ್ಯಾಮತಿ ಈಚೆಗೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಹಾಗಾಗಿ ನ್ಯಾಮತಿಯಲ್ಲಿ ಹುಟ್ಟಿದ ಹಿರಿಯರೊಬ್ಬರ ಹಳೆ ಕಾಗದದಲ್ಲಿ ಹೊನ್ನಾಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ. ಹೊಸ ಕಾಗದದಲ್ಲಿ ನ್ಯಾಮತಿ ತಾಲ್ಲೂಕು, ದಾವಣಗೆರೆ ಜಿಲ್ಲೆ. ಮನುಷ್ಯ ಕೂತ ಜಾಗದಿಂದ ಎದ್ದಿಲ್ಲ. ಹೆಸರು, ತಾಲ್ಲೂಕು, ಜಿಲ್ಲೆ ಮೂರೂ ಬದಲು. ಹುಟ್ಟಿದ ದಿನಾಂಕ ಕೇಳಿದರೆ ಹೆಚ್ಚಿನವರದ್ದು ಜೂನ್ 1, ಶಾಲೆಗೆ ಸೇರಿಸುವಾಗ ಮೇಷ್ಟ್ರು ಹಾಕಿದ್ದು.

ಹೊರದೇಶಕ್ಕೆ ಹೋಗುವವರಿಗೂ ಬಿಸಿ ತಟ್ಟಿದೆ. 2022ರ ನವೆಂಬರಿನಲ್ಲಿ ಯುಎಇ ಒಂದು ನಿಯಮ ತಂದಿತು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇದ್ದು ಇನ್ನೊಂದು ಕಾಲಂ ಖಾಲಿ ಇದ್ದರೆ ಭೇಟಿ ವೀಸಾದಲ್ಲಿ ಬರುವಂತಿಲ್ಲ. ಎರಡನೇ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರು ಇದ್ದರೆ ಸಾಕು ಎಂದು ಆಮೇಲೆ ಸಡಿಲಿಸಿದರು. ನಮ್ಮಲ್ಲಿ 'ಅಶ್ರಫ್' ಎಂದಷ್ಟೇ ಇರುವ ಪಾಸ್‌ಪೋರ್ಟುಗಳಿಗೆ ಲೆಕ್ಕ ಇಲ್ಲ. ಇನ್ನು 'ಅಬ್ದುಲ್ ಖಾದರ್' ಎಂಬುದನ್ನು ಎರಡು ತುಂಡು ಮಾಡಿ ಅಬ್ದುಲ್ ಮೊದಲ ಹೆಸರು, ಖಾದರ್ ಮನೆತನದ ಹೆಸರು ಎಂದು ಬರೆದವರೂ ಇದ್ದಾರೆ. ಅಬ್ದುಲ್ ಎಂದರೆ 'ಇಂಥವನ ದಾಸ' ಎಂಬುದರಲ್ಲಿ ದಾಸ ಎಂಬಷ್ಟೇ ಭಾಗ. ಅದು ಒಂಟಿಯಾಗಿ ಹೆಸರೇ ಆಗುವುದಿಲ್ಲ.

ಹಾಗಾಗಿ ಮಗು ಹುಟ್ಟಿದ ಮನೆಯವರಲ್ಲಿ ನಮ್ಮ ಕೋರಿಕೆ ಇಷ್ಟು. ಹುಟ್ಟನ್ನು 21 ದಿನದೊಳಗೆ ನೋಂದಾಯಿಸಿ. ಹೆಸರು ಗಟ್ಟಿಯಾಗದಿದ್ದರೆ ಅವಸರದಲ್ಲಿ ಏನೋ ಒಂದು ಬರೆಸಬೇಡಿ, ಆಮೇಲೆ ಸೇರಿಸಲು ಕಾನೂನಿನಲ್ಲಿ ಅವಕಾಶ ಇದೆ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ, ಆಧಾರ್, ಪಾಸ್‌ಪೋರ್ಟ್ ಎಲ್ಲದಕ್ಕೂ ಹುಟ್ಟಿದ ದಿನ, ಜಾಗದ ಆಧಾರ ಜನನ ಪ್ರಮಾಣಪತ್ರವೇ. ಕನ್ನಡದಲ್ಲಿ ಮತ್ತು ಇಂಗ್ಲಿಷಿನಲ್ಲಿ ಅಕ್ಷರ ಅಕ್ಷರ ನೋಡಿ ಬರೆಸಿ, ಅದೇ ಅಕ್ಷರವನ್ನು ಎಲ್ಲ ಕಡೆ ಉಳಿಸಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೈಗೆ ಬಂದ ಮೇಲೆ ತಿದ್ದುವುದು ಬಹಳ ಕಷ್ಟ. ಮನೆಯ ಹಿರಿಯರ ಕಾಗದಗಳನ್ನೂ ಒಮ್ಮೆ ಒಟ್ಟಿಗೆ ಹರಡಿ ನೋಡಿ. ಅವರು ಇರುವಾಗಲೇ ಸರಿ ಮಾಡಿಸಿ. ಅವರು ಹೋದ ಮೇಲೆ ಜಾಗದ ಖಾತೆ ಬದಲಿಸುವಾಗ 'ಐಸಮ್ಮ ಮತ್ತು ಆಯಿಷಾಬಿ ಒಬ್ಬರೇ' ಎಂದು ಸಾಬೀತು ಮಾಡುವುದು ಮಕ್ಕಳ ತಲೆಗೆ ಬರುತ್ತದೆ.

ಹೋದ ಹೆಸರು ಹೋಗಿಲ್ಲ

ಮತ್ತೆ ಚನ್ನಗಿರಿಯ ಆ ಮನೆಗೆ. ಊಟದ ಹೊತ್ತಾಯಿತು, ಹೆಸರು ಮಾತ್ರ ತೀರ್ಮಾನ ಆಗಲಿಲ್ಲ. ಉಸ್ತಾದರು ಪಟ್ಟಿಯನ್ನು ಕೈಗೆ ತೆಗೆದುಕೊಂಡು ಮೇಲಿನಿಂದ ಕೆಳಗೆ ನೋಡಿದರು. ಕೊನೆಯ ಸಾಲಿನಲ್ಲಿ ಒಂದು ಹೆಸರಿಗೆ ಬೆರಳಿಟ್ಟರು. ಸಾರಾ.

"ಇದು ಇಷ್ಟ ಉಂಟಾ?"

"ಉಂಟು ಉಸ್ತಾದರೇ. ಈಗ ಎಲ್ಲ ಕಡೆ ಇಡ್ತಾರೆ, ಚಂದ ಇದೆ."

"ಹಾಗಾದ್ರೆ ಜಗಳ ಎಂತಕ್ಕೆ? ನಿಮ್ಮ ಅಜ್ಜಿಯ ಹೆಸರೂ ಇದೇ ಅಲ್ವಾ. ಇಬ್ರಾಹಿಂ ನಬಿಯವರ ಪತ್ನಿ ಸಾರಾ ಬೀವಿ. ನಾವು ಪ್ರೀತಿಯಿಂದ ಒಂದು ಅಮ್ಮ ಸೇರಿಸಿದ್ದು, ಅಷ್ಟೇ."

ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮಗುವನ್ನು ಮಡಿಲಿಗೆ ತೆಗೆದುಕೊಂಡು "ಕಾಗದದಲ್ಲಿ ನೀವು ಸಾರಾ ಬರೀರಿ. ನಾನು ಸಾರಮ್ಮ ಅಂತಲೇ ಕರೆಯೋದು" ಎಂದರು. ತಾಯಿ ಬೇಡ ಅನ್ನಲಿಲ್ಲ.

ಮರಿಯಮ್ಮ ಮರ್ಯಮ್ ಆಗಿ, ಅವ್ವಮ್ಮ ಹವ್ವಾ ಆಗಿ, ಉಮ್ಮರಬ್ಬ ಉಮರ್ ಆಗಿ, ಮೂಸಬ್ಬ ಮೂಸಾ ಆಗಿ ನಮ್ಮ ಅಂಗಳದಲ್ಲೇ ಆಡುತ್ತಿದ್ದಾರೆ. ಅದು ಯಾರ ಹೆಸರು ಎಂದು ಆ ಮಕ್ಕಳಿಗೆ ಯಾರಾದರೂ ಹೇಳಬೇಕು. ನಿಮ್ಮ ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರ ಅಜ್ಜ ಅಜ್ಜಿಯ ಹೆಸರು ಕೇಳಿ, ಒಂದು ಪುಸ್ತಕದಲ್ಲಿ ಬರೆದಿಡಿ. ನಾಲ್ಕು ತಲೆಮಾರಿನ ಹೆಸರು ಬರೆಯಲು ಅರ್ಧ ಪುಟ ಸಾಕು. ಕೇಳಲಿಕ್ಕೆ ಅವರು ಇರಬೇಕು, ಅಷ್ಟೇ.